ತತ್ವಶಾಸ್ತ್ರ ಓದಬೇಕಾ? ಮಕ್ಕಳೂ ಅಪ್ಪ-ಅಮ್ಮಂದಿರೂ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಪಿಯು ಮಕ್ಕಳಿಗೆ ತರ್ಕಶಾಸ್ತ್ರ, ಆಮೇಲೆ ಪದವಿ ಮಕ್ಕಳಿಗೆ ತತ್ವಶಾಸ್ತ್ರ ಕಲಿಸಿಕೊಂಡು ಬಂದವನು ನಾನು. ಅಡ್ಮಿಷನ್ ಶುರುವಾದರೆ ಸಾಕು, ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೆಲವನ್ನು ಅಪ್ಪ-ಅಮ್ಮಂದಿರು ಕೇಳುತ್ತಾರೆ, ಕೆಲವನ್ನು ಹಳೆಯ ವಿದ್ಯಾರ್ಥಿಗಳು ಬರೆದು ಕೇಳುತ್ತಾರೆ. ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕದ ಎಲೆಯವರು ಕೇಳಿದ್ದೂ ಉಂಟು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ.

## ಮೊದಲ ಮೆಟ್ಟಿಲು

ಸರ್, ತತ್ವಶಾಸ್ತ್ರ ಅಂದ್ರೆ ವೇದಾಂತ ಹೇಳೋದು ತಾನೇ?

"ವೇದಾಂತ ಹೇಳಬೇಡ" ಅಂದರೆ ನಮ್ಮ ಕಡೆ ಕೆಲಸಕ್ಕೆ ಬಾರದ ಮಾತು ಬಿಡು ಅಂತ ಅರ್ಥ. ಆ ಮಾತಿನ ಪೆಟ್ಟು ಪಾಪ ಇಡೀ ವಿಷಯದ ಮೇಲೆ ಬಿದ್ದಿದೆ. ವೇದಾಂತ ತತ್ವಶಾಸ್ತ್ರದ ಒಂದು ಭಾಗ, ದೊಡ್ಡ ಭಾಗವೇ. ಆದರೆ ದೇವರಿಲ್ಲ, ಪರಲೋಕವಿಲ್ಲ ಎಂದ ಚಾರ್ವಾಕರೂ ನಮ್ಮ ಪಠ್ಯದಲ್ಲಿದ್ದಾರೆ. ಬೌದ್ಧರು, ಜೈನರು, ತರ್ಕವನ್ನೇ ಮುಖ್ಯ ಮಾಡಿಕೊಂಡ ನ್ಯಾಯದರ್ಶನದ ನೈಯಾಯಿಕರು ಇದ್ದಾರೆ. ಪ್ಲೇಟೋ, ಡೆಕಾರ್ಟ್, ಕಾಂಟ್ ಇದ್ದಾರೆ.

ಇವರೆಲ್ಲ ಸುತ್ತಿದ್ದು ಕೆಲವೇ ಪ್ರಶ್ನೆಗಳ ಸುತ್ತ. ನಿಜವಾಗಿ ಏನಿದೆ? ಅದು ಇದೆ ಅಂತ ನಮಗೆ ಹೇಗೆ ಗೊತ್ತಾಯಿತು? ಹೇಗೆ ಬದುಕಿದರೆ ಸರಿ? ಅಣ್ಣ-ತಮ್ಮಂದಿರು ಜಗಲಿಯ ಮೇಲೆ ಕೂತು ಜಮೀನು ಪಾಲು ಮಾಡುವಾಗ "ಇದು ನ್ಯಾಯ ಅಲ್ಲ" ಅನ್ನುತ್ತಾರಲ್ಲ, ಆ "ನ್ಯಾಯ" ಅನ್ನುವ ಪದವನ್ನೇ ಎತ್ತಿಕೊಂಡು ನೋಡಿ. ಸಮನಾಗಿ ಹಂಚಿದರೆ ನ್ಯಾಯವಾ? ದುಡಿದವನಿಗೆ ಜಾಸ್ತಿ ಕೊಟ್ಟರೆ ನ್ಯಾಯವಾ? ಕಷ್ಟದಲ್ಲಿ ಇರುವವನಿಗೆ ಜಾಸ್ತಿ ಕೊಟ್ಟರೆ? ಅಲ್ಲಿಂದ ನಮ್ಮ ಪಾಠ ಶುರು.

ಇದೆಲ್ಲ ವಯಸ್ಸಾದ ಮೇಲೆ ಓದೋದಲ್ವಾ?

ಐದು ವರ್ಷದ ಮಗು ದಿನಕ್ಕೆ ಎಷ್ಟು ಸಲ "ಯಾಕೆ" ಅನ್ನುತ್ತದೆ ಎಣಿಸಿ ನೋಡಿ. "ಅಜ್ಜಿ ಸತ್ತ ಮೇಲೆ ಎಲ್ಲಿಗೆ ಹೋದಳು?", "ನಾನು ಹುಟ್ಟೋಕೆ ಮುಂಚೆ ಎಲ್ಲಿದ್ದೆ?" ಇವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಶಾಲೆಗೆ ಹೋಗ್ತಾ ಹೋಗ್ತಾ ಆ ಬಾಯಿ ಮುಚ್ಚಿಹೋಗುತ್ತದೆ. ಹದಿನೆಂಟರಲ್ಲಿ ಅದು ಮತ್ತೆ ತೆರೆಯುತ್ತದೆ, ಈ ಸಲ ಸ್ವಲ್ಪ ಸಿಟ್ಟಿನ ಜೊತೆ. ಯಾವ ಕೆಲಸ, ಯಾರ ಜೊತೆ ಮದುವೆ, ಯಾರಿಗೆ ಓಟು, ಎಲ್ಲವನ್ನೂ ನಿರ್ಧರಿಸುವ ವಯಸ್ಸು ಅದು. ಯೋಚನೆ ಮಾಡುವುದನ್ನು ಕಲಿಯಬೇಕಾದದ್ದು ನಿರ್ಧಾರಗಳಿಗೆ ಮುಂಚೆ. ಎಲ್ಲ ಮುಗಿದ ಮೇಲೆ ಓದಿದರೂ ಸಂತೋಷವೇ, ಬೇಡ ಅನ್ನುವುದಿಲ್ಲ.

ಮಗಳು ಫಿಲಾಸಫಿ ತಗೋತೀನಿ ಅಂತಿದಾಳೆ. ದೇವರನ್ನ ನಂಬೋದು ಬಿಟ್ಟುಬಿಡ್ತಾಳಾ?

ಬಿಡಬಹುದು. ನಂಬಿಕೆ ಇನ್ನೂ ಗಟ್ಟಿಯಾಗಲೂಬಹುದು. ಎರಡನ್ನೂ ನನ್ನ ತರಗತಿಯಲ್ಲಿ ನೋಡಿದ್ದೇನೆ, ಒಂದೇ ಬೆಂಚಿನ ಇಬ್ಬರಲ್ಲಿ. ನಾನು ಒಂದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ: ಅವಳು ನಂಬಿದರೆ ಯಾಕೆ ನಂಬುತ್ತೇನೆ ಅಂತ ಹೇಳಬಲ್ಲವಳಾಗುತ್ತಾಳೆ, ಬಿಟ್ಟರೂ ಯಾಕೆ ಬಿಟ್ಟೆ ಅಂತ ಹೇಳಬಲ್ಲವಳಾಗುತ್ತಾಳೆ. ನಮ್ಮಲ್ಲಿ ಹಳಬರು ದೇವರ ವಿಷಯದಲ್ಲೂ ವಾದ ಮಾಡದೆ ಬಿಟ್ಟವರಲ್ಲ. ನ್ಯಾಯದರ್ಶನದವರು ದೇವರಿದ್ದಾನೆ ಎಂದು ಸಾಧಿಸಿದರು. ಮೀಮಾಂಸಕರು ವೇದವನ್ನು ಪೂರ್ತಿ ನಂಬಿದವರು, ಆದರೂ ಜಗತ್ತನ್ನು ಮಾಡಿದ ದೇವರು ಒಬ್ಬ ಬೇಕು ಅನ್ನುವುದನ್ನು ಒಪ್ಪಲಿಲ್ಲ. ಇಬ್ಬರನ್ನೂ ನಮ್ಮ ಪರಂಪರೆ ಹೊರಗೆ ಹಾಕಲಿಲ್ಲ.

ಕ್ಲಾಸಲ್ಲಿ ನಿಜವಾಗ್ಲೂ ಏನ್ ಮಾಡ್ತೀರಿ? ಸುಮ್ನೆ ಮಾತಾಡ್ತೀರಾ?

ಒಂದು ದಿನದ ಪಾಠವನ್ನೇ ಹೇಳುತ್ತೇನೆ.

ಬೋರ್ಡಿನ ಮೇಲೆ ಐದು ಸಾಲು ಬರೆದೆ. ನ್ಯಾಯದರ್ಶನದ ಪಾಠಗಳಲ್ಲಿ ಮತ್ತೆ ಮತ್ತೆ ಬರುವ ತುಂಬಾ ಹಳೆಯ ಉದಾಹರಣೆ.

ಪ್ರತಿಜ್ಞೆ: ಬೆಟ್ಟದಲ್ಲಿ ಬೆಂಕಿ ಇದೆ.
ಹೇತು: ಯಾಕೆಂದರೆ ಅಲ್ಲಿ ಹೊಗೆ ಇದೆ.
ಉದಾಹರಣೆ: ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿದ ಹಾಗೆ.
ಉಪನಯ: ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ.
ನಿಗಮನ: ಹಾಗಾಗಿ ಬೆಟ್ಟದಲ್ಲಿ ಬೆಂಕಿ ಇದೆ.

"ಇದನ್ನು ಬೀಳಿಸಿ ನೋಡೋಣ" ಅಂದೆ. ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ನಮ್ಮೂರಲ್ಲಿ ಬೆಳಗ್ಗೆ ಬೆಟ್ಟದ ಮೇಲೆ ಕಾಣೋದು ಮಂಜು. ದೂರದಿಂದ ಹೊಗೆ ಥರಾನೇ ಇರತ್ತೆ." ಅವಳು ಹಿಡಿದದ್ದು ಎರಡನೇ ಸಾಲನ್ನು. ಕಾಣುತ್ತಿರುವುದು ಹೊಗೆಯೇ ಅಂತ ಮೊದಲು ಗಟ್ಟಿಯಾಗಬೇಕು. ಇದಕ್ಕೆ ಶಾಸ್ತ್ರದಲ್ಲಿ ಹೆಸರೇ ಇದೆ, ಅಸಿದ್ಧ ಅಂತ. ಮಂಜನ್ನು ಹೊಗೆ ಅಂದುಕೊಳ್ಳುವ ಉದಾಹರಣೆ ಹಳೆಯ ಪಂಡಿತರಲ್ಲೂ ಬರುತ್ತದೆ. ಅವಳು ಅದನ್ನು ಓದಿರಲಿಲ್ಲ, ತನ್ನ ಊರಿನ ಬೆಟ್ಟ ನೋಡಿದ್ದಳು ಅಷ್ಟೇ.

ಹಿಂದಿನ ಬೆಂಚಿನ ಹುಡುಗ ಎದ್ದ. "ಸರ್, ನಮ್ಮನೇಲಿ ಗ್ಯಾಸ್ ಒಲೆ. ಬೆಂಕಿ ಇದೆ, ಹೊಗೆ ಇಲ್ಲ. ಮೂರನೇ ಸಾಲು ಬಿತ್ತು." ಇಡೀ ತರಗತಿ ಹೌದು ಹೌದು ಅಂದಿತು. ನಾನು ಸುಮ್ಮನಿದ್ದೆ. ಹತ್ತು ನಿಮಿಷ ಗದ್ದಲ. ಕೊನೆಗೆ ಯಾವತ್ತೂ ಮಾತಾಡದ ಒಬ್ಬಳು ನಿಧಾನವಾಗಿ ಹೇಳಿದಳು: "ಅಲ್ಲಿ ಬರೆದಿರೋದು ಹೊಗೆ ಇದ್ದಲ್ಲಿ ಬೆಂಕಿ ಅಂತ. ಬೆಂಕಿ ಇದ್ದಲ್ಲಿ ಹೊಗೆ ಅಂತ ಅಲ್ಲ. ಗ್ಯಾಸ್ ಒಲೆಯಿಂದ ಇದಕ್ಕೇನೂ ಆಗಲ್ಲ." ಇದನ್ನೇ ತೋರಿಸಲು ಹಳಬರು ಕುಲುಮೆಯ ಕಾದ ಕಬ್ಬಿಣದ ಗುಂಡನ್ನು ಹೇಳುತ್ತಿದ್ದರು. ಕೆಂಪಗೆ ಕಾದಿರುತ್ತದೆ, ಹೊಗೆ ಇರುವುದಿಲ್ಲ.

ಮರುದಿನ ಮನೆಕೆಲಸ: ಮನೆಯವರ ಫೋನಿಗೆ ಬಂದ ಒಂದು ಫಾರ್ವರ್ಡ್ ಮೆಸೇಜನ್ನು ಈ ಐದು ಸಾಲಿನಲ್ಲಿ ಬಿಡಿಸಿ ಬರೆಯಿರಿ. "ಈ ಕಷಾಯ ಕುಡಿದೆ, ಜ್ವರ ಬಿಟ್ಟಿತು, ಹಾಗಾಗಿ ಕಷಾಯದಿಂದಲೇ ಬಿಟ್ಟಿತು" ಅನ್ನುವ ಥರದವು. ಹೆಚ್ಚಿನವು ಮೂರನೇ ಸಾಲಿಗೆ ಬಂದು ನಿಂತುಬಿಟ್ಟವು. "ಕಷಾಯ ಕುಡಿದಲ್ಲೆಲ್ಲ ಜ್ವರ ಬಿಡುತ್ತದೆ" ಅಂತ ಬರೆಯಲು ಕೈ ಬರಲಿಲ್ಲ ಮಕ್ಕಳಿಗೆ. ಕಷಾಯ ಕುಡಿದರೂ ಜ್ವರ ಬಿಡದೆ ಇದ್ದದ್ದನ್ನು ಅವರು ನೋಡಿದ್ದರು.

ಉತ್ತರಾನೇ ಇಲ್ಲದ ಪ್ರಶ್ನೆ ಇಟ್ಕೊಂಡು ಎರಡೂವರೆ ಸಾವಿರ ವರ್ಷ ಕೂತಿದ್ದೀರಲ್ಲ?

ಉತ್ತರ ಸಿಕ್ಕ ಪ್ರಶ್ನೆಗಳು ನಮ್ಮ ಮನೆ ಬಿಟ್ಟು ಹೋಗಿಬಿಡುತ್ತವೆ. ಭೌತಶಾಸ್ತ್ರ, ಮನಃಶಾಸ್ತ್ರ ಎಲ್ಲ ಒಂದು ಕಾಲಕ್ಕೆ ತತ್ವಶಾಸ್ತ್ರದ ಒಳಗೇ ಇದ್ದವು. ನ್ಯೂಟನ್ 1687ರಲ್ಲಿ ತನ್ನ ದೊಡ್ಡ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲೇ "ಪ್ರಕೃತಿಯ ತತ್ವಶಾಸ್ತ್ರ" ಎಂದಿದೆ. ಅಳೆಯುವ ದಾರಿ ಸಿಕ್ಕ ಮೇಲೆ ಅವು ಬೇರೆ ಮನೆ ಹೂಡಿದವು. ಅಳತೆಗೆ ಸಿಗದವು ಉಳಿದಿವೆ. ಅವು ಉಳಿದಿವೆ ಅಂತ ಬಿಟ್ಟುಬಿಡಲು ಆಗುವುದಿಲ್ಲ, ಯಾಕೆಂದರೆ ದಿನಾ ಎದುರಾಗುವವೂ ಅವೇ. ಐಸಿಯುನಲ್ಲಿ ಮಲಗಿರುವ ತಂದೆಯ ವೆಂಟಿಲೇಟರ್ ತೆಗೆಸಬೇಕಾ ಎಂದು ಡಾಕ್ಟರ್ ಕೇಳಿದಾಗ, ಅದರ ಉತ್ತರ ಯಾವ ರಿಪೋರ್ಟಿನಲ್ಲೂ ಇರುವುದಿಲ್ಲ.

## ಶಾಲೆಯಲ್ಲಿ

ಹೈಸ್ಕೂಲ್ ಮಕ್ಕಳಿಗೇ ಕಲಿಸಿದರೆ ಹೇಗೆ? ಮಾರ್ಕ್ಸಿಗೆ ಉಪಯೋಗ ಆಗತ್ತಾ?

ಫ್ರಾನ್ಸಿನಲ್ಲಿ ಶಾಲೆಯ ಕೊನೆಯ ವರ್ಷ ಹೆಚ್ಚಿನ ಮಕ್ಕಳು ತತ್ವಶಾಸ್ತ್ರ ಓದಲೇಬೇಕು. ಶಾಲೆ ಮುಗಿಸುವ ಪರೀಕ್ಷೆಯಲ್ಲಿ ನಾಲ್ಕು ಗಂಟೆ ಕೂತು ಒಂದು ಪ್ರಶ್ನೆಗೆ ಪ್ರಬಂಧ ಬರೆಯುತ್ತಾರೆ. ಸಣ್ಣ ಮಕ್ಕಳಿಗೆ ಕಲಿಸುವ ಕ್ರಮವನ್ನು ಅಮೆರಿಕದ ಮ್ಯಾಥ್ಯೂ ಲಿಪ್ಮನ್ 1970ರ ದಶಕದಲ್ಲಿ ಶುರುಮಾಡಿದರು. ಮಕ್ಕಳು ಗುಂಡಗೆ ಕೂರುತ್ತಾರೆ, ಒಂದು ಕಥೆ ಓದುತ್ತಾರೆ, ಪ್ರಶ್ನೆಯನ್ನು ಅವರೇ ಆರಿಸುತ್ತಾರೆ. ಮೇಷ್ಟ್ರು ಉತ್ತರ ಹೇಳುವಂತಿಲ್ಲ.

ಮಾರ್ಕ್ಸಿನ ವಿಷಯದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಇಂಗ್ಲೆಂಡಿನಲ್ಲಿ 48 ಶಾಲೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. 2015ರಲ್ಲಿ ಬಂದ ವರದಿಯಲ್ಲಿ ಓದು ಮತ್ತು ಗಣಿತ ಸ್ವಲ್ಪ ಸುಧಾರಿಸಿದ್ದು ಕಂಡಿತು. ಆಮೇಲೆ ಇನ್ನೂ ಜಾಸ್ತಿ ಶಾಲೆಗಳಲ್ಲಿ ಮಾಡಿದಾಗ ಆ ಲಾಭ ಕಾಣಲಿಲ್ಲ. ಹಾಗಾಗಿ ಮಾರ್ಕ್ಸಿಗಾಗಿ ಇದನ್ನು ಕಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಒಂದು ಸರ್ಕಾರಿ ಶಾಲೆಯಲ್ಲಿ ನಾನೇ ವಾರಕ್ಕೊಂದು ಗಂಟೆ ಹೀಗೆ ಕೂತಿದ್ದೆ. ಏಳನೇ ತರಗತಿಯ ಹುಡುಗನೊಬ್ಬ ಕೇಳಿದ: "ಸುಳ್ಳು ಹೇಳಬಾರದು ಅಂತೀರಿ. ಅಪ್ಪ ಕುಡಿದು ಬಂದು ಅಮ್ಮ ಎಲ್ಲಿ ಅಂದ್ರೆ ಹೇಳಬೇಕಾ?" ಆ ಒಂದು ಗಂಟೆ ಇರದಿದ್ದರೆ ಆ ಹುಡುಗ ಇದನ್ನು ಎಲ್ಲಿ ಕೇಳುತ್ತಿದ್ದ?

## ಕಾಲೇಜು, ಕೆಲಸ, ದುಡ್ಡು

ಪಿಯುಸಿಯಲ್ಲಿ ಲಾಜಿಕ್ ತಗೊಂಡ್ರೆ ಒಳ್ಳೆ ಮಾರ್ಕ್ಸ್ ಬರತ್ತಂತೆ, ಹೌದಾ?

ನಮ್ಮ ಪಿಯು ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಒಂದು ಐಚ್ಛಿಕ ವಿಷಯ. ಎಲ್ಲ ಕಾಲೇಜಿನಲ್ಲಿ ಇರುವುದಿಲ್ಲ, ಮೊದಲು ವಿಚಾರಿಸಿ. ಗಣಿತದ ಹಾಗೆ ಇಲ್ಲೂ ಉತ್ತರ ಸರಿ ಇದ್ದರೆ ಪೂರ್ತಿ ಅಂಕ. ಹಾಗಾಗಿ ಅರ್ಥ ಮಾಡಿಕೊಂಡು ಓದಿದವರಿಗೆ ಒಳ್ಳೆಯ ಅಂಕ ಬರುತ್ತದೆ. ಬಾಯಿಪಾಠ ಮಾಡಿದವರು ಪ್ರಶ್ನೆ ಸ್ವಲ್ಪ ತಿರುಗಿಸಿದರೂ ಎಡವುತ್ತಾರೆ.

ಎಲ್ಲಿ ಓದಬಹುದು? ನಾನು ಬಿಕಾಂ ಮಾಡಿದೀನಿ, ಎಂಎ ಫಿಲಾಸಫಿಗೆ ಸೇರಬಹುದಾ?

ಮೈಸೂರು ವಿಶ್ವವಿದ್ಯಾನಿಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇವೆರಡರಲ್ಲೂ ಹಳೆಯ ವಿಭಾಗಗಳಿವೆ. ಬಿಎ ಹಂತದಲ್ಲಿ ಮಾತ್ರ ಈ ವಿಷಯ ಇರುವ ಕಾಲೇಜು ಕಡಿಮೆ. ನನಗೆ ಇದು ತುಂಬಾ ಬೇಸರದ ಸಂಗತಿ. ಮೇಷ್ಟ್ರು ನಿವೃತ್ತರಾಗುತ್ತಾರೆ, ಆ ಜಾಗ ತುಂಬುವುದಿಲ್ಲ, ಎರಡು ವರ್ಷ ಅತಿಥಿ ಉಪನ್ಯಾಸಕರು ನಡೆಸುತ್ತಾರೆ, ಆಮೇಲೆ "ಮಕ್ಕಳು ಬರ್ತಿಲ್ಲ" ಅಂತ ವಿಷಯವನ್ನೇ ಕೈಬಿಡುತ್ತಾರೆ. ಕಲಿಸುವವರೇ ಇಲ್ಲದ ವಿಷಯಕ್ಕೆ ಮಕ್ಕಳು ಹೇಗೆ ಬರಬೇಕು?

ಬೇರೆ ಪದವಿ ಮಾಡಿದವರಿಗೂ ದಾರಿ ಇದೆ. ದೂರಶಿಕ್ಷಣ ಕೊಡುವ ಇಗ್ನೋ ವಿಶ್ವವಿದ್ಯಾಲಯದ ಎಂಎ ತತ್ವಶಾಸ್ತ್ರಕ್ಕೆ ಯಾವುದೇ ಪದವಿ ಆದವರು ಸೇರಬಹುದು, ಮನೆಯಲ್ಲೇ ಓದಬಹುದು. ಬೇರೆ ವಿಶ್ವವಿದ್ಯಾಲಯಗಳ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ.

ಸರ, ಇದನ್ನ ಓದಿದ್ರ ಹೊಟ್ಟಿ ತುಂಬ್ತದೇನ್ರೀ?

ಹುಬ್ಬಳ್ಳಿ ಕಡೆಯ ಒಬ್ಬರು ತಂದೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ್ದು. ಅಂಗಡಿ ಮುಚ್ಚಿ ಬಂದಿದ್ದರು. ಅವರಿಗೆ ನಾನು ಸುಳ್ಳು ಹೇಳಲಿಲ್ಲ.

"ತತ್ವಶಾಸ್ತ್ರ ಪದವೀಧರರು ಬೇಕಾಗಿದ್ದಾರೆ" ಅನ್ನುವ ಜಾಹೀರಾತು ಪೇಪರಿನಲ್ಲಿ ಬರುವುದಿಲ್ಲ. ವಿಷಯವನ್ನೇ ಕೆಲಸ ಮಾಡಿಕೊಳ್ಳಬೇಕು ಅಂದರೆ ಮೇಷ್ಟ್ರ ಕೆಲಸ ಒಂದೇ ಮುಖ್ಯ ದಾರಿ. ಅದಕ್ಕೆ ಎಂಎ, ನೆಟ್ ಎಂಬ ಅರ್ಹತಾ ಪರೀಕ್ಷೆ, ಪಿಎಚ್‌ಡಿ ಅಂತ ಏಳೆಂಟು ವರ್ಷ ಬೇಕು. ಸೀಟು ಕಡಿಮೆ, ಕಾಯುವುದು ಜಾಸ್ತಿ. ಸಂಶೋಧನೆಗೆ ಭಾರತೀಯ ತತ್ವಶಾಸ್ತ್ರ ಸಂಶೋಧನಾ ಪರಿಷತ್ತು ಫೆಲೋಶಿಪ್ ಕೊಡುತ್ತದೆ, ಯುಜಿಸಿಯ ಸಂಶೋಧನಾ ವೇತನ ಜೆಆರ್‌ಎಫ್ ಇದೆ.

ಬಾಕಿಯವರು ಬೇರೆ ಕೆಲಸಕ್ಕೆ ಹೋಗುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಿ ವಕೀಲರಾದವರು ಜಾಸ್ತಿ. ಪತ್ರಿಕೆಯಲ್ಲಿ ಇದ್ದಾರೆ, ಬಿಎಡ್ ಮಾಡಿ ಶಾಲೆಯಲ್ಲಿ ಇದ್ದಾರೆ, ಬ್ಯಾಂಕಿನಲ್ಲಿ ಇದ್ದಾರೆ. ಅಮೆರಿಕದಲ್ಲಿ ಉನ್ನತ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಯ ಭಾಷೆ ಮತ್ತು ಬರವಣಿಗೆ ಭಾಗಗಳಲ್ಲಿ ತತ್ವಶಾಸ್ತ್ರದವರು ಮೊದಲ ಸಾಲಿನಲ್ಲೇ ಇರುತ್ತಾರೆ. ಇದು ಓದಿನಿಂದಲೇ ಬಂದದ್ದಾ, ಚೆನ್ನಾಗಿ ಬರೆಯುವವರೇ ಈ ವಿಷಯ ಆರಿಸುತ್ತಾರಾ ಅನ್ನುವ ಪ್ರಶ್ನೆ ಕೇಳಲೇಬೇಕು. ಎರಡೂ ಸ್ವಲ್ಪ ಸ್ವಲ್ಪ ನಿಜ ಇರಬಹುದು ಅನ್ನುವುದು ನನ್ನ ಲೆಕ್ಕ.

ಆ ತಂದೆಗೆ ಕೊನೆಗೆ ಹೇಳಿದ್ದು ಇಷ್ಟು: ಮನೆಯಲ್ಲಿ ಸಾಲ ಇದ್ದು ಮೂರೇ ವರ್ಷಕ್ಕೆ ಸಂಬಳ ಬರಲೇಬೇಕು ಅಂದರೆ, ಇದನ್ನು ಮುಖ್ಯ ವಿಷಯ ಮಾಡಿಕೊಳ್ಳಬೇಡಿ. ಬೇರೆ ವಿಷಯದ ಜೊತೆ ಒಂದಾಗಿ ತಗೊಳ್ಳಲಿ. ರಾಜ್ಯಶಾಸ್ತ್ರ, ಇತಿಹಾಸ, ಮನಃಶಾಸ್ತ್ರ, ಇಂಗ್ಲಿಷ್ ಯಾವುದರ ಜೊತೆಗೂ ಹೊಂದುತ್ತದೆ. ಮಗ ಹಾಗೇ ಮಾಡಿದ.

ಐಎಎಸ್ ಪರೀಕ್ಷೆಗೆ ಫಿಲಾಸಫಿ ಆಪ್ಷನಲ್ ತಗೊಳ್ಳಲಾ? ಸಿಲಬಸ್ ಚಿಕ್ಕದಂತೆ.

ಚಿಕ್ಕದು ನಿಜ. ಎರಡು ಪತ್ರಿಕೆ, 250 ಅಂಕದ್ದು ಒಂದೊಂದು. ಮೊದಲನೆಯದರಲ್ಲಿ ಪ್ಲೇಟೋದಿಂದ ವಿಟ್ಗೆನ್‌ಸ್ಟೈನ್‌ವರೆಗೆ, ಚಾರ್ವಾಕರಿಂದ ಅರವಿಂದರವರೆಗೆ. ಎರಡನೆಯದರಲ್ಲಿ ಸಮಾಜ ಮತ್ತು ರಾಜಕೀಯ ಚಿಂತನೆ, ಧರ್ಮದ ತತ್ವಶಾಸ್ತ್ರ. 2013ರಿಂದ ಎಲ್ಲರಿಗೂ ಕಡ್ಡಾಯವಾಗಿರುವ ನೀತಿಶಾಸ್ತ್ರ ಪತ್ರಿಕೆಗೂ ಇದು ಸಹಾಯ. ಕನ್ನಡದಲ್ಲೂ ಉತ್ತರ ಬರೆಯಬಹುದು. ಆದರೆ ಪುಟ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಬಂದವರು ಕಾಂಟ್ ಹತ್ತಿರ ಬಂದು ನಿಂತುಬಿಡುವುದನ್ನು ಬಹಳ ಸಲ ನೋಡಿದ್ದೇನೆ. ಸೇರುವ ಮುಂಚೆ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಎದುರಿಗಿಟ್ಟುಕೊಂಡು ಅರ್ಧ ಗಂಟೆ ಕೂರಿ. ಪ್ರಶ್ನೆಗಳು ಕುತೂಹಲ ಹುಟ್ಟಿಸಿದರೆ ತಗೊಳ್ಳಿ.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಇದಕ್ಕೂ ನನ್ನ ಕೆಲಸಕ್ಕೂ ಏನಾದ್ರೂ ಸಂಬಂಧ ಇದೆಯಾ?

ನಿಮ್ಮ ಕೆಲಸ ಹುಟ್ಟಿದ್ದರಲ್ಲಿ ನಮ್ಮ ಮನೆಯ ಪಾಲೂ ಇದೆ. ಜಾರ್ಜ್ ಬೂಲ್ 1854ರಲ್ಲಿ ಪುಸ್ತಕ ಬರೆದದ್ದು ಯೋಚನೆಯ ನಿಯಮಗಳ ಬಗ್ಗೆ. ನೀವು ದಿನಾ ಬರೆಯುವ "ಮತ್ತು", "ಅಥವಾ", "ಅಲ್ಲ" ಅನ್ನುವ ಲೆಕ್ಕ ಅವನದು. ಯಂತ್ರ ಯೋಚನೆ ಮಾಡಬಲ್ಲದೇ ಎಂದು ಅಲನ್ ಟ್ಯೂರಿಂಗ್ ಕೇಳಿದ ಆ ಹೆಸರಾಂತ ಲೇಖನ 1950ರಲ್ಲಿ ಬಂದದ್ದು ತತ್ವಶಾಸ್ತ್ರದ ಪತ್ರಿಕೆಯಲ್ಲಿ. ಈಗ ಮನುಷ್ಯರ ಹಾಗೆ ಮಾತಾಡುವ ಯಂತ್ರಗಳು ಬಂದ ಮೇಲೆ ಆ ಪ್ರಶ್ನೆ ನಿಮ್ಮ ಆಫೀಸಿನ ಮೇಜಿನ ಮೇಲೆ ಬಂದು ಕೂತಿದೆ. ಅರ್ಥ ಮಾಡಿಕೊಳ್ಳುವುದು ಅಂದರೇನು? ಸಾಲದ ಅರ್ಜಿಯನ್ನು ಯಂತ್ರ ತಿರಸ್ಕರಿಸಿದರೆ ಜವಾಬ್ದಾರಿ ಯಾರದು? ತರ್ಕ ಮತ್ತು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಜ್ಞಾನಮೀಮಾಂಸೆಯಿಂದ ಶುರುಮಾಡಿ. ನಿಮಗೆ ಹತ್ತಿರ ಅನ್ನಿಸುತ್ತದೆ.

## ಒಳಗೆ ಇಳಿದವರ ಪ್ರಶ್ನೆಗಳು

ಭಾರತೀಯದಿಂದ ಶುರು ಮಾಡಲಾ, ಪಾಶ್ಚಾತ್ಯದಿಂದಲಾ?

ಯಾವ ಕಡೆಯಿಂದ ಬಂದರೂ ಸರಿ, ಇನ್ನೊಂದು ಕಡೆಗೆ ಹೋಗದೆ ಇರಬೇಡಿ. ಮೈಸೂರಿನಲ್ಲಿ ಶುರುವಿನಿಂದಲೂ ಹಾಗೇ ಇತ್ತು. 1916ರಲ್ಲಿ ವಿಶ್ವವಿದ್ಯಾನಿಲಯ ಶುರುವಾಯಿತು. ಎ. ಆರ್. ವಾಡಿಯಾ ತತ್ವಶಾಸ್ತ್ರ ಕಲಿಸುತ್ತಿದ್ದರು. 1918ರಲ್ಲಿ ರಾಧಾಕೃಷ್ಣನ್ ಬಂದರು. ಎಂ. ಹಿರಿಯಣ್ಣ ಸಂಸ್ಕೃತದ ಪ್ರಾಧ್ಯಾಪಕರು. ಭಾರತೀಯ ದರ್ಶನಗಳ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1932ರಲ್ಲಿ ಬಂತು, ಇವತ್ತಿಗೂ ಮಕ್ಕಳ ಕೈಗೆ ನಾನು ಮೊದಲು ಕೊಡುವುದು ಅದನ್ನೇ. ಒಂದು ಸಾಲೂ ಜಾಸ್ತಿ ಇಲ್ಲ ಅದರಲ್ಲಿ. 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ, ಹೂವಿನ ಸಾರೋಟನ್ನು ತಾವೇ ರೈಲ್ವೆ ಸ್ಟೇಷನ್ನಿಗೆ ಎಳೆದರು ಎಂದು ಮೈಸೂರಿನವರು ಈಗಲೂ ಹೇಳುತ್ತಾರೆ. ಒಬ್ಬ ತತ್ವಶಾಸ್ತ್ರದ ಮೇಷ್ಟ್ರಿಗೆ!

ನಮ್ಮ ನೆಲದಲ್ಲಿ ಇನ್ನೊಂದು ಅನುಕೂಲ ಇದೆ. ಶೃಂಗೇರಿಯ ಅದ್ವೈತ, ಉಡುಪಿಯ ದ್ವೈತ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಒಬ್ಬರು ಜೀವ-ಬ್ರಹ್ಮ ಒಂದೇ ಅನ್ನುತ್ತಾರೆ, ಇನ್ನೊಬ್ಬರು ಭೇದ ನಿಜ ಅಂತ ಐದು ಭೇದ ಎಣಿಸಿ ತೋರಿಸುತ್ತಾರೆ. ರಾಮಾನುಜರು ಇದ್ದ ಮೇಲುಕೋಟೆ ಇದೆ, ಜೈನರ ಶ್ರವಣಬೆಳಗೊಳ ಇದೆ. ಸತ್ಯಕ್ಕೆ ಹಲವು ಮುಖ ಅನ್ನುವ ಜೈನರ ಅನೇಕಾಂತವಾದವನ್ನು ಬೆಳಗೊಳದ ಬೆಟ್ಟ ಹತ್ತಿ ಇಳಿದ ಮೇಲೆ ಪಾಠ ಮಾಡಿದ್ದು ನನ್ನ ಒಳ್ಳೆಯ ದಿನಗಳಲ್ಲಿ ಒಂದು.

ಕನ್ನಡದಲ್ಲೇ ಓದಿದ್ರೆ ಸಾಕಾ? ಇಂಗ್ಲಿಷ್, ಸಂಸ್ಕೃತ ಬೇಕೇ ಬೇಕಾ?

ಯೋಚನೆ ಮಾಡಲು ಕನ್ನಡ ಸಾಕು. ಮುಂದೆ ಸಂಶೋಧನೆಗೆ ಹೋಗಲು ಇಂಗ್ಲಿಷ್ ಓದುವುದು ಬೇಕು. ನೆಟ್ ಪರೀಕ್ಷೆಯ ತತ್ವಶಾಸ್ತ್ರ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡದಲ್ಲಿ ಎಂಎ ಮಾಡಿದ ಜಾಣ ಮಕ್ಕಳು ಅಲ್ಲಿ ಸೋಲುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಹಾಗಾಗಿ ಮೊದಲ ವರ್ಷದಿಂದಲೇ ದಿನಕ್ಕೆ ಎರಡು ಪುಟ ಇಂಗ್ಲಿಷ್ ಓದಿ, ಓದಿದ್ದನ್ನು ಕನ್ನಡದಲ್ಲಿ ಬರೆಯಿರಿ. ಕನ್ನಡಕ್ಕೆ ತರಲು ಆಗದ ಸಾಲು ನಿಮಗೆ ಅರ್ಥವಾಗದ ಸಾಲು. ಸಂಸ್ಕೃತ, ಪಾಳಿ ಆಮೇಲೆ ಕಲಿಯಬಹುದು, ಮೂಲ ಗ್ರಂಥಕ್ಕೆ ಕೈ ಹಾಕುವಾಗ.

ಇದು ಮೇಲ್ಜಾತಿಯವರ, ಮಠದವರ ವಿಷಯ. ನಮಗ್ಯಾಕೆ ಸರ್?

ಈ ಪ್ರಶ್ನೆಯ ಹಿಂದೆ ನಿಜ ಇದೆ. ಶಾಸ್ತ್ರ ಓದುವ ಹಕ್ಕನ್ನು ಬಹಳ ಜನರಿಗೆ, ಹೆಂಗಸರಿಗೆ, ನೂರಾರು ವರ್ಷ ಕೊಡಲೇ ಇಲ್ಲ. ಅದನ್ನು ಮುಚ್ಚಿಟ್ಟು ಪಾಠ ಮಾಡಬಾರದು.

ಆದರೆ ಯೋಚನೆ ಶಾಸ್ತ್ರದ ಮನೆಯಲ್ಲಿ ಮಾತ್ರ ನಡೆಯಲಿಲ್ಲ. ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ದಿನಾ ತರುವುದಕ್ಕಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇದು ಆಸೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ಎಷ್ಟು ಇದ್ದರೆ ಸಾಕು? ಒಳ್ಳೆಯ ಕೆಲಸಕ್ಕೇ ಆದರೂ ಅಗತ್ಯಕ್ಕಿಂತ ಹೆಚ್ಚು ತರಬಹುದಾ? ಅರ್ಥಶಾಸ್ತ್ರದವರೂ ನೀತಿಶಾಸ್ತ್ರದವರೂ ಇವತ್ತಿಗೂ ಜಗಳ ಆಡುವ ಪ್ರಶ್ನೆ ಅದು. ಲಕ್ಕಮ್ಮನನ್ನು ನಾನು ತತ್ವಶಾಸ್ತ್ರದ ತರಗತಿಯಲ್ಲೇ ಕಲಿಸುತ್ತೇನೆ.

ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು ಅರ್ಥಶಾಸ್ತ್ರದ ಜೊತೆಗೆ ಜಾನ್ ಡ್ಯೂಯಿ ಎಂಬ ತತ್ವಜ್ಞಾನಿಯ ಪಾಠ ಕೇಳಿದರು. ಆ ಪ್ರಭಾವ ಅವರ ಬರಹದಲ್ಲಿ ಕೊನೆಯವರೆಗೂ ಕಾಣುತ್ತದೆ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವವನ್ನು ಫ್ರೆಂಚ್ ಕ್ರಾಂತಿಯಿಂದ ಸಾಲ ತಂದದ್ದಲ್ಲ, ನನ್ನ ಗುರು ಬುದ್ಧನಿಂದ ಪಡೆದೆ ಎಂದು 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದರು. ಬಾಗಿಲು ಮುಚ್ಚಿದವರ ವಾದವನ್ನು ವಾದದಿಂದಲೇ ಬಿಡಿಸಿದವರು ಅವರು. ಈ ವಿಷಯ ನಿಮಗೆ ಯಾಕೆ ಅಂತ ಕೇಳಿದಿರಲ್ಲ. ನಿಮ್ಮ ಮೇಲೆ ಹಾಕಿದ ನಿಯಮಗಳಿಗೆ ಕಾರಣ ಕೇಳಲು.

ಯಾವಾಗ್ಲೂ ಎರಡೂ ಕಡೆ ಮಾತಾಡ್ತೀರಿ. ನೀವು ಯಾವ ಪಕ್ಷ, ಅದನ್ನ ಹೇಳಿ.

ನನಗೆ ನನ್ನ ಪಕ್ಷ ಇದೆ. ಅದನ್ನು ಕೊನೆಗೆ ಹೇಳುತ್ತೇನೆ, ಮೊದಲೇ ಹೇಳುವುದಿಲ್ಲ. ಇದಕ್ಕೆ ಕಾರಣ ಪೂರ್ವಪಕ್ಷ ಅನ್ನುವ ಪದ್ಧತಿ. ಈ ವಿಷಯವನ್ನು ಯಾಕೆ ಓದಬೇಕು ಅಂತ ಯಾರಾದರೂ ಒಂದೇ ಕಾರಣ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ನಮ್ಮ ಶಾಸ್ತ್ರಕಾರರು ತಮ್ಮ ಸಿದ್ಧಾಂತ ಹೇಳುವ ಮುಂಚೆ ಎದುರಿನವನ ವಾದವನ್ನು ಬರೆಯಬೇಕಿತ್ತು. ಅದು ಪೂರ್ವಪಕ್ಷ. ವಿಜಯನಗರದ ಕಾಲದಲ್ಲಿ, ಹದಿನಾಲ್ಕನೇ ಶತಮಾನದಲ್ಲಿ, ಮಾಧವ ಎಂಬವರು ಎಲ್ಲ ದರ್ಶನಗಳನ್ನೂ ಒಂದೇ ಗ್ರಂಥದಲ್ಲಿ ಸಂಗ್ರಹಿಸಿದರು. ಬರೆದವರು ಅದ್ವೈತಿ. ಮೊದಲ ಅಧ್ಯಾಯ ಯಾರದು? ಚಾರ್ವಾಕರದು. ಚಾರ್ವಾಕರು ಬರೆದದ್ದು ಹೆಚ್ಚು ಕಡಿಮೆ ಎಲ್ಲ ಕಳೆದುಹೋಗಿದೆ. ಅವರ ವಾದ ಇವತ್ತು ನಮಗೆ ಗೊತ್ತಿರುವುದು ಬಹುಪಾಲು ಇಂಥ ವಿರೋಧಿಗಳು ಬರೆದಿಟ್ಟಿದ್ದರಿಂದ. ವಿರೋಧಿ ಬರೆದದ್ದರಲ್ಲಿ ಸ್ವಲ್ಪ ಓರೆಕೋರೆ ಇದ್ದೇ ಇರುತ್ತದೆ ಅನ್ನುವುದನ್ನೂ ಮಕ್ಕಳಿಗೆ ಹೇಳುತ್ತೇನೆ.

ತರಗತಿಯಲ್ಲಿ ಇದನ್ನು ಮಾಡಿಸುತ್ತೇನೆ. ನಿಮಗೆ ಆಗದ ಒಂದು ಅಭಿಪ್ರಾಯ ಆರಿಸಿ. ಅದರ ಪರವಾಗಿ ಎರಡು ಪುಟ ಬರೆಯಿರಿ. ಆ ಅಭಿಪ್ರಾಯ ಇರುವವರ ಎದುರು ಕೂತು ಓದಿ. ಅವರು "ಹೌದು, ನಾನು ಹೇಳೋದು ಇದನ್ನೇ" ಅಂದರೆ ಮಾತ್ರ ಪಾಸು. ಒಬ್ಬಳು ಊರ ಜಾತ್ರೆಯ ಪ್ರಾಣಿಬಲಿ ಆರಿಸಿಕೊಂಡಳು. ಅವಳಿಗೆ ಅದು ಕಂಡರಾಗದು. 1959ರಿಂದಲೇ ರಾಜ್ಯದಲ್ಲಿ ಅದನ್ನು ತಡೆಯುವ ಕಾನೂನಿದೆ ಅನ್ನುವುದು ಅವಳ ಬಾಯಲ್ಲೇ ಇತ್ತು. ಬರೆದು ಸೋದರಮಾವನ ಎದುರು ಓದಿದಳು. ಮಾವ ತಲೆ ಅಲ್ಲಾಡಿಸಿ, "ಇದು ನಿನ್ನ ಮಾತು, ನನ್ನದಲ್ಲ" ಅಂದರು. ಎರಡನೇ ಸಲವೂ ಹಾಗೇ. ಮೂರನೇ ಸಲ ಅವಳು ಬರೆಯುವ ಮುಂಚೆ ಮಾವನನ್ನು ಒಂದು ಗಂಟೆ ಕೇಳಿಸಿಕೊಂಡಳು. ಹರಕೆ, ಇಡೀ ಊರು ಒಟ್ಟಿಗೆ ಕೂತು ಉಣ್ಣುವ ದಿನ, ಪೇಟೆಯ ಮಾಂಸದಂಗಡಿಯಲ್ಲಿ ದಿನಾ ನಡೆಯುವುದನ್ನು ಕೇಳದವರು ವರ್ಷಕ್ಕೊಮ್ಮೆಯ ನಮ್ಮದನ್ನೇ ಯಾಕೆ ಕೇಳುತ್ತಾರೆ ಅನ್ನುವ ನೋವು. ಈ ಸಲ ಮಾವ ಸುಮ್ಮನೆ ಕೇಳಿ, "ಹೌದವ್ವಾ, ಇದೇ" ಅಂದರಂತೆ. ಅವಳ ಅಭಿಪ್ರಾಯ ಬದಲಾಗಲಿಲ್ಲ. ಬಲಿ ಬೇಡ ಅನ್ನುವ ಅವಳ ಉತ್ತರಪಕ್ಷ, ಅಂದರೆ ಪೂರ್ವಪಕ್ಷಕ್ಕೆ ಅವಳು ಕೊಟ್ಟ ಉತ್ತರ, ಮೊದಲಿಗಿಂತ ಗಟ್ಟಿಯಾಗಿತ್ತು, ಮೊದಲಿದ್ದ ತಾತ್ಸಾರ ಇರಲಿಲ್ಲ. ಮಾವ ಅದನ್ನೂ ಪೂರ್ತಿ ಕೇಳಿದರಂತೆ.

ಮೂರು ಸೆಮಿಸ್ಟರ್ ಓದಿದೆ. ಈಗ ಯಾವುದೂ ಖಚಿತ ಅನ್ನಿಸ್ತಿಲ್ಲ. ಅಮ್ಮನ ಜೊತೆ ಪೂಜೆ ಮಾಡೋಕೂ ಕಷ್ಟ. ಏನ್ ಮಾಡ್ಲಿ?

ಈ ವಿಷಯವನ್ನು ಮನಸ್ಸಿಟ್ಟು ಓದಿದವರಲ್ಲಿ ಬಹಳ ಜನ ಈ ಜಾಗ ದಾಟಿಯೇ ಬಂದಿದ್ದಾರೆ. ಸ್ಕಾಟ್‌ಲೆಂಡಿನ ಡೇವಿಡ್ ಹ್ಯೂಮ್ ಇಪ್ಪತ್ತರ ಹರೆಯದಲ್ಲೇ ಎಲ್ಲವನ್ನೂ ಅನುಮಾನಿಸುತ್ತಾ ಹೋಗಿ ಕಂಗಾಲಾದ. 1739ರಲ್ಲಿ ಬಂದ ಅವನ ಪುಸ್ತಕದಲ್ಲೇ ಅದನ್ನು ಬರೆದಿದ್ದಾನೆ. ಯೋಚನೆಯಿಂದ ಅದು ವಾಸಿಯಾಗಲಿಲ್ಲ, ಗೆಳೆಯರ ಜೊತೆ ಊಟ ಮಾಡಿ, ಪಗಡೆಯಂಥ ಆಟ ಆಡಿ, ನಕ್ಕು ಮಾತಾಡಿದ ಮೇಲೆ ಹಗುರವಾಯಿತು ಅನ್ನುತ್ತಾನೆ. ಆಮೇಲೆ ಮತ್ತೆ ಪುಸ್ತಕಕ್ಕೆ ವಾಪಸ್ ಬಂದ.

ಪೂಜೆಯ ವಿಷಯಕ್ಕೆ ಹೇಳುವುದಾದರೆ, ಅಮ್ಮನಿಗೆ ಹೂ ಕಟ್ಟಿಕೊಡಲು ದೇವರಿದ್ದಾನೋ ಇಲ್ಲವೋ ಮೊದಲು ತೀರ್ಮಾನವಾಗಬೇಕಿಲ್ಲ. ನಂಬಿಕೆ ಇಲ್ಲದೆ ಮಂತ್ರ ಹೇಳುವುದು ಸುಳ್ಳು ಅನ್ನಿಸಿದರೆ ಮಂತ್ರ ಬಿಡು, ಹೂ ಕಟ್ಟು. ಅಮ್ಮ ಕೇಳಿದರೆ ನಿಜ ಹೇಳು, ಮೆತ್ತಗೆ ಹೇಳು.

ಇನ್ನೊಂದು ಮಾತು. ಅನುಮಾನ ಬೇರೆ, ಮನಸ್ಸು ಕುಗ್ಗುವುದು ಬೇರೆ. ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ಪುಸ್ತಕ ಸಾಲದು. ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಬರೀ ಅನುಮಾನವೇ ಆದರೆ ನನ್ನ ಹತ್ತಿರ ಬಾ. ಮಧ್ಯಾಹ್ನ ಮೂರೂವರೆವರೆಗೆ ಸ್ಟಾಫ್ ರೂಮಿನಲ್ಲೇ ಇರುತ್ತೇನೆ. ಯಾವ ವಾದ ನಿನ್ನನ್ನು ಅಲ್ಲಾಡಿಸಿತೋ ಅದನ್ನು ಒಂದು ಹಾಳೆಯಲ್ಲಿ ಬರೆದು ತಾ. ಐದು ಸಾಲಿನಲ್ಲಿ ಬಿಡಿಸಿ, ಎಲ್ಲಿ ಹೊಗೆ, ಎಲ್ಲಿ ಮಂಜು ಅಂತ ಇಬ್ಬರೂ ಕೂತು ನೋಡೋಣ.